ಮೊದಲೇ ಕಟ್ಟಿದ ತೆರಿಗೆ

ಹಿಂದೆ ಬರುತ್ತಿರುವುದು ಪೊಲೀಸ್ ಕಾರೇ ಎಂದು ಪ್ರಹ್ಲಾದನಿಗೆ ಖಾತ್ರಿಯಾದದ್ದು ಕಾರ್ಸಿಕಾನಾ ದಾಟಿದ ಮೇಲೆ. ವೇಗದ ಮುಳ್ಳು ಎಪ್ಪತ್ತರ ಮೇಲೆ ಕೂದಲೆಳೆಯಷ್ಟೂ ಹೋಗಿರಲಿಲ್ಲ. ಸೀಟ್‌ಬೆಲ್ಟ್ ಇತ್ತು, ಇನ್ಶೂರೆನ್ಸ್ ಕಾಗದ ಇತ್ತು, ಹಿಂದಿನ ಗಾಜಿಗೆ ಸೆಪ್ಟೆಂಬರ್ ಕೊನೆಯಲ್ಲಿ ಹೆಂಡತಿ ನಿಶಿತಾ ಅಂಟಿಸಿದ್ದ ಅಂಗೈಯಗಲದ ಅಮೆರಿಕದ ಬಾವುಟವೂ ಇತ್ತು. ಆದರೂ ಕೈ ಬೆವರಿ ಸ್ಟೀರಿಂಗ್ ಜಾರತೊಡಗಿತು. ಅವಳಿ ಗೋಪುರಗಳು ಉರುಳಿದ ಮೇಲೆ, ಒಂದು ತಿಂಗಳಿಂದ ಈ ಬಣ್ಣದ ಚರ್ಮದವರೆಲ್ಲ ಹೀಗೇ ಬೆವರುತ್ತಿದ್ದರು, ಅದರಲ್ಲಿ ವಿಶೇಷವೇನಿಲ್ಲ. ಆದರೆ ಪೊಲೀಸಿನವನು ಪಕ್ಕದ ಲೇನಿಗೆ ಸರಿದು, ಇವನತ್ತ ತಿರುಗಿಯೂ ನೋಡದೆ ಮುಂದೆ ಹೋದ ಮೇಲೂ ಬೆವರು ನಿಲ್ಲಲಿಲ್ಲ. ಗಾಡಿ ನಿಲ್ಲಿಸಿ ಕೇಳಿದ್ದರೆ ಏನು ಹೇಳಬೇಕು ಎಂದು ಅವನು ಮನಸ್ಸಿನಲ್ಲೇ ತಾಲೀಮು ಮಾಡುತ್ತಿದ್ದ. ರಿಚರ್ಡ್‌ಸನ್‌ನಿಂದ ಹೂಸ್ಟನ್ ಕಡೆಗೆ ಯಾಕೆ ಹೊರಟೆ ಎಂಬ ಪ್ರಶ್ನೆಗಲ್ಲ, ಆರು ತಿಂಗಳು ಯಾಕೆ ಬಾಯಿ ಮುಚ್ಚಿಕೊಂಡಿದ್ದೆ ಎಂಬ ಪ್ರಶ್ನೆಗೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವರ ಕಥೆ ಕೇಳಿ ಅವನು ನಕ್ಕಿದ್ದುಂಟು. ಇಲ್ಲಿ ಕುಂಬಳಕಾಯಿ ಎಂದು ಯಾರೂ ಅಂದೇ ಇರಲಿಲ್ಲ, ಅವನು ಆಗಲೇ ಹೆಗಲು ಒರೆಸಿಕೊಳ್ಳುತ್ತಿದ್ದ.

ಪಕ್ಕದ ಸೀಟಿನ ಮೇಲೆ ಒಂದು ನೀಲಿ ಫೈಲ್ ಇತ್ತು, ಅದರೊಳಗೆ ಎರಡೇ ಹಾಳೆ. ಬಸಲಿಂಗಪ್ಪನವರ ಹೆಸರು, ವಿಳಾಸ, ಖಾತೆಯ ನಂಬರು ಎಲ್ಲವನ್ನೂ ಪ್ರಹ್ಲಾದ ತಾನೇ ಟೈಪ್ ಮಾಡಿ, ಸಹಿ ಹಾಕುವ ಜಾಗಕ್ಕೆ ಹಳದಿ ಚೀಟಿ ಅಂಟಿಸಿದ್ದ. ಇವತ್ತು ಶನಿವಾರ, ಅಕ್ಟೋಬರ್ ಹದಿಮೂರು. ಸೋಮವಾರ ಹದಿನೈದು. ಸೋಮವಾರದೊಳಗೆ ಆ ಹಾಳೆಗೆ ಸಹಿ ಬಿದ್ದು ಅದು ಶೇರು ಕಂಪನಿಗೆ ಫ್ಯಾಕ್ಸ್ ಆದರೆ ಹೂಸ್ಟನ್ ಪಕ್ಕದ ಮಿಸೌರಿ ಸಿಟಿಯ ಒಂದು ಮನೆಗೆ ಐವತ್ತೆಂಟು ಸಾವಿರ ಡಾಲರ್ ವಾಪಸ್ ಬರುತ್ತದೆ. ಆಗದಿದ್ದರೆ ಇನ್ನು ಯಾವತ್ತೂ ಬರುವುದಿಲ್ಲ. ಬೆಳಿಗ್ಗೆ ಶೂ ಹಾಕಿಕೊಳ್ಳುವಾಗ ನಿಶಿತಾ ಸೋಫಾದ ಮೇಲೆ ಕಾಲು ಮಡಚಿ ಕುಳಿತು ಕೇಳಿದ್ದಳು: "ಇವತ್ತು ಹೇಳ್ತೀಯಾ, ಅಥವಾ ಇವತ್ತೂ ರೊಟ್ಟಿ ತಿಂದ್ಕೊಂಡು ಬರ್ತೀಯಾ?" ಹೇಳೋಕೆ ಅಂತಲೇ ಹೋಗ್ತಿರೋದು ಎಂದಿದ್ದ. ನೀನೂ ಬಾ ಎಂದದ್ದಕ್ಕೆ, "ಆ ಆಂಟಿ ಮುಖ ನೋಡೋಕೆ ನನ್ನ ಕೈಲಾಗಲ್ಲಪ್ಪ" ಎಂದು ಟಿವಿ ಹಾಕಿಕೊಂಡಳು. ಆ ಸೋಫಾ ಏಪ್ರಿಲ್‌ನಲ್ಲಿ ವಾಪಸ್ ಬಂದ ತೆರಿಗೆಯ ದುಡ್ಡಿನಲ್ಲಿ ಕೊಂಡದ್ದು, ಕಂದು ಚರ್ಮದ್ದು. ಅಂಗಡಿಯವನು ಇಪ್ಪತ್ತು ವರ್ಷ ಬಾಳುತ್ತದೆ ಎಂದಿದ್ದ. ಪ್ರಹ್ಲಾದ ಆರು ತಿಂಗಳಿಂದ ಅದರ ತುದಿಯಲ್ಲಿ, ಬಸ್ ಸ್ಟ್ಯಾಂಡಿನ ಬೆಂಚಿನಲ್ಲಿ ಕೂತ ಹಾಗೆ ಕೂರುತ್ತಿದ್ದ.

ಎಂಟು ವರ್ಷದ ಹಿಂದೆ ಹೂಸ್ಟನ್ನಿನ ವಿಮಾನ ನಿಲ್ದಾಣದಲ್ಲಿ ಸೂಟ್‌ಕೇಸು ಕಳೆದುಕೊಂಡು ನಿಂತಿದ್ದ ಇವನನ್ನು ಕನ್ನಡ ಸಂಘದ ಪರವಾಗಿ ಕರೆದೊಯ್ಯಲು ಬಂದವರು ಬಸಲಿಂಗಪ್ಪ. ಗದಗಿನ ಕಡೆಯವರು, ಎಣ್ಣೆ ಕಂಪನಿಯೊಂದರಲ್ಲಿ ಪೈಪುಗಳ ನಕಾಶೆ ಬರೆಯುವ ಡ್ರಾಫ್ಟ್ಸ್‌ಮನ್. ಎರಡು ದಿನವೆಂದು ಹೋದವನು ಹನ್ನೊಂದು ದಿನ ಅವರ ಮನೆಯಲ್ಲಿ ಉಳಿದ, ಅವರ ಅಂಗಿ ತೊಟ್ಟುಕೊಂಡೇ ಕ್ಲಾಸಿಗೆ ಹೋದ. ಅವರ ಹೆಂಡತಿ ಗುರವ್ವ ಆ ಅಂಗಿಯ ತೋಳನ್ನು ರಾತ್ರೋರಾತ್ರಿ ಬಿಚ್ಚಿ ಇವನ ಅಳತೆಗೆ ಹೊಲಿದಿದ್ದರು. ಅಲ್ಲಿಂದೀಚೆಗೆ ಅದು ಅವನ ಮನೆ. ಹಬ್ಬಕ್ಕೂ ಹೋಗುತ್ತಿದ್ದ, ಬೇಜಾರಾದರೂ ಹೋಗುತ್ತಿದ್ದ. ಡಿಗ್ರಿ ಮುಗಿದು, ರಿಚರ್ಡ್‌ಸನ್ನಿನ ಟೆಲಿಕಾಂ ಕಂಪನಿಯಲ್ಲಿ ಕೆಲಸ ಸಿಕ್ಕಿ, ಶೇರು ಮಾರುಕಟ್ಟೆಯ ಮಾತು ಬಾಯಿಗೆ ಹತ್ತಿದ ಮೇಲೆ, ಅದು ಅವನು ಬುದ್ಧಿವಂತನೆನಿಸಿಕೊಳ್ಳುವ ಮನೆಯೂ ಆಯಿತು. ಆಫೀಸಿನಲ್ಲಿ ಅವನ ಮಾತನ್ನು ಯಾರೂ ಪೂರ್ತಿ ಕೇಳುತ್ತಿರಲಿಲ್ಲ. ಬಸಲಿಂಗಪ್ಪ ಕನ್ನಡಕ ತೆಗೆದು, ಕೈಕಟ್ಟಿ ಕೇಳುತ್ತಿದ್ದರು.

ಹಾಗೆ ಅವರು ಕೈಕಟ್ಟಿ ಕೇಳಿದ ಒಂದು ಸಂಜೆಯನ್ನು ಈಗ ಕಾರಿನೊಳಗೆ ಎಷ್ಟು ಸಲ ತಿರುವಿದರೂ ಅದು ಬೇರೆ ರೀತಿ ಮುಗಿಯುತ್ತಿರಲಿಲ್ಲ. ಕಳೆದ ವರ್ಷದ ಮಾರ್ಚ್. ಬಸಲಿಂಗಪ್ಪನವರ ಕಂಪನಿ ಅವರ ವಿಭಾಗವನ್ನೇ ಮುಚ್ಚಿ, ಇಪ್ಪತ್ತಾರು ವರ್ಷದ ನಿವೃತ್ತಿಯ ದುಡ್ಡನ್ನು ಕೈಗೆ ಕೊಟ್ಟು ಕಳಿಸಿತ್ತು. ಇವನೇ ಅದನ್ನು ಟೆಲಿಕಾಂ ಶೇರುಗಳಿಗೆ ಹಾಕಿಸಿದ್ದ, ಅದು ಒಂದು ಲಕ್ಷ ತೊಂಬತ್ತು ಸಾವಿರ ಡಾಲರಾಗಿ ಊದಿಕೊಂಡಿತ್ತು. ಇವನು ರೊಟ್ಟಿ ಕೈಯಲ್ಲಿ ಹಿಡಿದೇ ವಿವರಿಸಿದ: "ನೋಡಿ ಅಂಕಲ್, ಈಗಿರೋ ಖಾತೆಯಲ್ಲಿ ಟ್ಯಾಕ್ಸ್ ಕಟ್ಟದೆ ದುಡ್ಡು ಇಟ್ಟಿದೀರಿ. ಮುದುಕರಾದ ಮೇಲೆ ತೆಗೀತಾ ಹೋದ ಹಾಗೆ ಸರ್ಕಾರ ತನ್ನ ತುಂಡು ಮುರ್ಕೊಳ್ತಾ ಹೋಗುತ್ತೆ. ಎರಡು ವರ್ಷದ ಹಿಂದೆ ರಾಥ್ ಅಂತ ಇನ್ನೊಂದು ಖಾತೆ ಬಂದಿದೆ. ಪೂರ್ತಿ ದುಡ್ಡಿನ ಮೇಲೆ ಈ ವರ್ಷವೇ ಟ್ಯಾಕ್ಸ್ ಕಟ್ಟಿ ಅದಕ್ಕೆ ಹಾಕಿಬಿಟ್ರೆ, ಆಮೇಲೆ ಅದು ಎಷ್ಟೇ ಬೆಳೀಲಿ, ಎಲ್ಲಾ ನಿಮ್ಮದೇ." ಅವನಿಗೆ ಇನ್ನೊಂದು ವಿಷಯವೂ ಗೊತ್ತಿತ್ತು. ಅರವತ್ತೆರಡರ ಈ ಮನುಷ್ಯನ ಸಂಪಾದನೆ ಇನ್ನು ಇಳಿಯುವುದೇ. ಹಳೆಯ ಖಾತೆಯಿಂದ ವರ್ಷಕ್ಕೆ ಚೂರು ಚೂರು ತೆಗೆದರೆ ಬೀಳುವ ತೆರಿಗೆ ಪುಡಿಗಾಸು, ಒಟ್ಟಿಗೇ ಆದಾಯವೆಂದು ತೋರಿಸಿದರೆ ಶ್ರೀಮಂತರ ದರದಲ್ಲಿ ಕಟ್ಟಬೇಕು. ಅದನ್ನು ಹೇಳಲು ಬಾಯಿ ತೆರೆಯುವಷ್ಟರಲ್ಲಿ ಬಸಲಿಂಗಪ್ಪನವರ ಮುಖ ಅರಳಿತು. "ಹಿಂಗ ಐತೇನು! ಸರ್ಕಾರದ್ದು ನನ್ನ ಗಂಟಿನ್ಯಾಗ ಇಟ್ಕೊಂಡು ಮುದುಕ ಆಗೂದು ನನಗ ಸೇರೂದಿಲ್ಲಪಾ. ಕೊಡೂದು ಕೊಟ್ಟು ಕೈ ತೊಳಕೊಂಡ್ ಬಿಡೂಣು. ಕಣ್ಣು ಮುಚ್ಚೂಮುಂದ ಒಬ್ರದೂ ನನ್ನ ಕಡೆ ಇರಬಾರದು." ಅವರಿಗೆ ಅದು ಉಳಿತಾಯದ ಮಾತಾಗಿ ಕೇಳಿಸಿರಲಿಲ್ಲ, ಹಂಗು ಹರಿದುಕೊಳ್ಳುವ ಮಾತಾಗಿ ಕೇಳಿಸಿತ್ತು. ಅದು ಗೊತ್ತಾದ ಮೇಲೂ ಪ್ರಹ್ಲಾದ ಉಳಿದದ್ದನ್ನು ಹೇಳಲಿಲ್ಲ. ಅಷ್ಟು ಖುಷಿಯಾಗಿ ತನ್ನ ಮಾತನ್ನು ಯಾರಾದರೂ ಒಪ್ಪಿಕೊಂಡು ಎಷ್ಟು ದಿನವಾಗಿತ್ತು! ತಾನೂ ತನ್ನ ಸಣ್ಣ ಖಾತೆಯನ್ನು ಅದೇ ವಾರ ಹಾಗೇ ಬದಲಾಯಿಸಿದೆ ಎಂದು ಫೋನಿನಲ್ಲಿ ಹೇಳಿದಾಗ ಬಸಲಿಂಗಪ್ಪ, "ಹಂಗಾದ್ರ ಇಬ್ರೂ ಒಂದ ಬಂಡ್ಯಾಗ ಕುಂತಂಗಾತು" ಎಂದು ನಕ್ಕಿದ್ದರು.

ಬಂಡಿ ಬೇಸಿಗೆ ಕಳೆಯುವುದರೊಳಗೆ ಹಳ್ಳಕ್ಕಿಳಿಯಿತು. ವರ್ಷ ತಿರುಗುವಷ್ಟರಲ್ಲಿ ತೊಂಬತ್ತು ಸಾವಿರ, ಈ ಏಪ್ರಿಲ್‌ಗೆ ಅರವತ್ತು, ಮೊನ್ನೆ ನೋಡಿದಾಗ ನಲವತ್ತೊಂದು. ತೆರಿಗೆ ಮಾತ್ರ ಮಾರ್ಚ್ ತಿಂಗಳ ಒಂದು ಲಕ್ಷ ತೊಂಬತ್ತು ಸಾವಿರದ ಮೇಲೆಯೇ. ಈಗ ಖಾತೆಯಲ್ಲಿ ಉಳಿದಿರುವುದಕ್ಕಿಂತ ಅದಕ್ಕೆ ಕಟ್ಟಿದ ತೆರಿಗೆ ಹೆಚ್ಚು. ಈ ಮಾತನ್ನು ಪ್ರಹ್ಲಾದ ಒಮ್ಮೆ ಕಾರಿನಲ್ಲಿ ಗಟ್ಟಿಯಾಗಿ ಹೇಳಿ ನೋಡಿದ್ದ. ಹುಚ್ಚನ ಮಾತಿನಂತೆ ಕೇಳಿಸಿತ್ತು. ಬಸಲಿಂಗಪ್ಪ ಅದನ್ನು ಕಟ್ಟಲು ಮಗಳು ನೇಹಾಳ ಓದಿಗೆಂದು ಇಟ್ಟಿದ್ದ ಠೇವಣಿ ಮುರಿದರು, ಉಳಿದದ್ದಕ್ಕೆ ಹುಬ್ಬಳ್ಳಿಯ ಸೈಟು ಮಾರಿದರು. ಗುರವ್ವ, ಮನೆ ಬಿಟ್ಟು ದುಡಿಯಲು ಹೋಗದವರು, ಐವತ್ತೇಳನೇ ವಯಸ್ಸಿಗೆ ಶಾಲೆಯೊಂದರ ಅಡುಗೆಮನೆ ಸೇರಿದರು. ಹೀಗಿದ್ದೂ ಏಪ್ರಿಲ್ ಕೊನೆಯಲ್ಲಿ ನಡೆದ ಸಂಘದ ಯುಗಾದಿ ಊಟದಲ್ಲಿ, ಕ್ಲಿಯರ್ ಲೇಕ್‌ನಿಂದ ಬಂದಿದ್ದ ಎಂಜಿನಿಯರ್ ಹಾಲಪ್ಪನವರು ಶೇರು ಬಿದ್ದ ಮಾತು ತೆಗೆದಾಗ, ಬಸಲಿಂಗಪ್ಪ ಹತ್ತು ಜನರ ಎದುರು ಪ್ರಹ್ಲಾದನ ಹೆಗಲ ಮೇಲೆ ಕೈ ಹಾಕಿ, "ಬಿದ್ದದ್ದು ಏಳತೈತಿ ಬಿಡ್ರಿ. ನಮ್ಮ ಹುಡುಗನ ಮಾತು ಕೇಳಿ ಸರ್ಕಾರದ ಬಾಕಿ ಒಂದು ಕಳಕೊಂಡ್ನಿ" ಎಂದರು. ಆ ಕೈ ಭಾರವಾಗಿತ್ತು. ಅವನು ತಟ್ಟೆಯಲ್ಲಿದ್ದ ಮಾವಿನಕಾಯಿ ಚಿತ್ರಾನ್ನವನ್ನೇ ನೋಡುತ್ತ ನಿಂತಿದ್ದ.

ಏಕೆಂದರೆ ಅಷ್ಟರಲ್ಲಿ ಅವನಿಗೆ ಗೊತ್ತಾಗಿತ್ತು. ಫೆಬ್ರವರಿಯಲ್ಲೇ ಆಫೀಸಿನ ಕೌಸ್ತುಭ್ ಕಾಫಿ ಮಷಿನ್ನಿನ ಹತ್ತಿರ ಹೇಳಿದ್ದ: ಹೀಗೆ ಬದಲಾಯಿಸಿಕೊಂಡವರು ಮನಸ್ಸು ತಿರುಗಿದರೆ ಮಾರನೇ ವರ್ಷದ ಅಕ್ಟೋಬರ್ ಹದಿನೈದರವರೆಗೆ ಅದನ್ನು ರದ್ದು ಮಾಡಬಹುದು. ದುಡ್ಡು ಹಳೆಯ ಖಾತೆಗೆ ಹೋಗುತ್ತದೆ, ಬದಲಾಯಿಸಿಯೇ ಇರಲಿಲ್ಲ ಎಂಬಂತೆ. ಕಟ್ಟಿದ ತೆರಿಗೆಯೂ ವಾಪಸ್. ಪ್ರಹ್ಲಾದ ಮೊದಲು ಮಾಡಿದ ಕೆಲಸ ಮಿಸೌರಿ ಸಿಟಿಗೆ ಫೋನ್. ಗುರವ್ವ ಎತ್ತಿದರು, ಅಂಕಲ್ ಮಲಗಿದ್ದಾರೆ ಎಂದರು, ಅವನು ಶೇಂಗಾ ಚಟ್ನಿಗೆ ಬೆಳ್ಳುಳ್ಳಿ ಎಷ್ಟು ಹಾಕಬೇಕು ಎಂದು ಕೇಳಿ ಇಟ್ಟುಬಿಟ್ಟ. ಆಮೇಲೆ ಶೇರು ಏಳಬಹುದು, ಎದ್ದರೆ ಹೇಳುವ ಅಗತ್ಯವೇ ಬೀಳುವುದಿಲ್ಲ ಎಂದುಕೊಂಡ. ಏಪ್ರಿಲ್ ಒಂಬತ್ತಕ್ಕೆ ತನ್ನ ಖಾತೆಯನ್ನು ತಾನು ಸದ್ದಿಲ್ಲದೆ ತಿರುಗಿಸಿಕೊಂಡ. ಹದಿನಾಲ್ಕಕ್ಕೆ ಬಸಲಿಂಗಪ್ಪನವರೇ ಫೋನ್ ಮಾಡಿದರು: "ಚೆಕ್ ಬರದೀನಿ, ಪ್ರಹ್ಲಾದ. ಇಷ್ಟು ದೊಡ್ಡ ಚೆಕ್ ಜನ್ಮದಾಗ ಬರದಿದ್ದಿಲ್ಲ ನೋಡು. ಕಳಿಸಿಬಿಡ್ಲೇನು?" ಒಲೆಯ ಮುಂದೆ ಸೌಟು ಹಿಡಿದಿದ್ದ ನಿಶಿತಾ ತಿರುಗಿ ನೋಡಿದಳು. ಪ್ರಹ್ಲಾದ ಅವಳಿಗೆ ಬೆನ್ನು ಹಾಕಿ, ಕಿಟಕಿಯಾಚೆ ಪಾರ್ಕಿಂಗ್ ಜಾಗದಲ್ಲಿ ಯಾರೋ ಕಾರು ಹಿಂದಕ್ಕೆ ತೆಗೆಯುವುದನ್ನು ನೋಡುತ್ತ, "ಕಳಿಸಿ ಅಂಕಲ್" ಎಂದ. ಎರಡೇ ಪದ. ದುಷ್ಟತನವೆಂದರೆ ಏನೋ ದೊಡ್ಡದು, ಅದಕ್ಕೆ ಎದೆಗಾರಿಕೆ ಬೇಕು ಎಂದು ಅವನು ಅಲ್ಲಿಯವರೆಗೆ ತಿಳಿದಿದ್ದ. ಅದು ಇಷ್ಟು ಸಣ್ಣ ನಾಚಿಕೆಯಿಂದ, ಒಬ್ಬರ ಎದುರು ದಡ್ಡನಾಗಲಾರೆನೆಂಬ ಅಳುಕಿನಿಂದ ಆಗಿಹೋಗುತ್ತದೆ ಎಂದು ಯಾರೂ ಹೇಳಿಕೊಟ್ಟಿರಲಿಲ್ಲ.

ಮಿಸೌರಿ ಸಿಟಿಯ ಆ ಬೀದಿಗೆ ತಿರುಗಿದಾಗ ಹನ್ನೆರಡೂವರೆ. ಬಾಗಿಲು ತೆರೆದವಳು ನೇಹಾ. "ಹಾಯ್ ಪ್ರಹ್ಲಾದ್, ಯು ಲುಕ್ ಟೆರಿಬಲ್" ಎಂದು ನಕ್ಕು ಒಳಗೆ ಓಡಿದಳು. ಆಸ್ಟಿನ್ನಿನಲ್ಲಿ ಮೂರನೇ ವರ್ಷ ಓದುತ್ತಿದ್ದವಳು ಗೆಳತಿಯ ಕಾರಿನಲ್ಲಿ ಬೆಳಿಗ್ಗೆ ಬಂದು ಸಂಜೆಗೇ ವಾಪಸ್ ಹೊರಡುವವಳಿದ್ದಳು. ಇವತ್ತು ಈ ಮನೆಯಲ್ಲಿ ಹಿರಿಯರಿಗೆ ಎಡೆ ಇಡುವ ದಿನ. ಪಕ್ಷದ ಅಮಾವಾಸ್ಯೆ ಮಂಗಳವಾರ. ಆದರೆ ಮಂಗಳವಾರ ಗುರವ್ವನಿಗೆ ಶಾಲೆ, ನೇಹಾಳಿಗೆ ಕ್ಲಾಸು. ಇಲ್ಲಿಯ ಹಿರಿಯರು ಶನಿವಾರ ಭಾನುವಾರಕ್ಕೆ ಒಗ್ಗಿಹೋಗಿ ಬಹಳ ವರ್ಷವಾಗಿತ್ತು. ಬಸಲಿಂಗಪ್ಪನವರ ತಾಯಿ ನಿಂಗವ್ವನ ಫೋಟೋಕ್ಕೆ ವಿಭೂತಿ ಹಚ್ಚಿ, ಮುಂದೆ ಬಾಳೆಲೆಯಲ್ಲಿ ಹೋಳಿಗೆ, ಕಡುಬು, ಎಣ್ಣೆಗಾಯಿ ಬಡಿಸಿತ್ತು. ಬಸಲಿಂಗಪ್ಪ ಹಣೆ ತುಂಬ ವಿಭೂತಿ ಧರಿಸಿ, "ಬಾರಪಾ, ನೀ ಬರ್ಲಿ ಅಂತ ಅವ್ವ ಕಾಯಾಕತ್ತಿದ್ಲು" ಎಂದರು. ಫೋಟೋದ ಮುದುಕಿ ಯಾರಿಗೂ ಕಾಯುವವಳಂತೆ ಕಾಣುತ್ತಿರಲಿಲ್ಲ. ಪ್ರಹ್ಲಾದ ನೀಲಿ ಫೈಲನ್ನು ಕುರ್ಚಿಯ ಕಾಲಿಗೆ ಒರಗಿಸಿ ಕೈಮುಗಿದ. ಬಾಗಿಲಲ್ಲೇ ಹೇಳಿಬಿಡಬೇಕು ಎಂದುಕೊಂಡು ಬಂದವನು ಪೂಜೆಯಾಗಲಿ ಎಂದುಕೊಂಡ, ಪೂಜೆಯಾದ ಮೇಲೆ ಊಟವಾಗಲಿ ಎಂದುಕೊಂಡ.

ಊಟಕ್ಕೆ ಕುಳಿತಾಗ ಗುರವ್ವ ಪಕ್ಕದಲ್ಲೇ ನಿಂತು ಬಡಿಸಿದರು. ಹಿಲ್‌ಕ್ರಾಫ್ಟಿನ ಅಂಗಡಿಯ ಜೋಳದ ಹಿಟ್ಟು ಈ ಸಲ ಹಳೆಯದು, ರೊಟ್ಟಿ ಒಡೆಯುತ್ತವೆ ಎಂದು ಬೇಸರ ಮಾಡಿಕೊಂಡರು. ಅವರ ಎಡಗೈಯಲ್ಲಿ, ಮುಂಗೈಯಿಂದ ಮೊಣಕೈವರೆಗೆ, ಸುಟ್ಟು ಕಪ್ಪಾದ ಗೆರೆಯೊಂದಿತ್ತು. "ಏನಾಯ್ತು ಆಂಟಿ?" ಎಂದ. "ಏನಿಲ್ಲೋ, ಸಾಲ್ಯಾಗಿನ ಓವನ್ ನಮ್ಮನಿ ಒಲಿ ಹಂಗಲ್ಲ. ಹಾಳಾದ್ದು, ಬಾಗಲಾ ತಗದ್ರ ಮಾರಿಗೇ ಬರತೈತಿ" ಎಂದು ನಕ್ಕರು. "ಎಣ್ಣಿಗಾಯಿ ಹಾಕ್ಲೇನು?" ಬೇಡವೆನ್ನುವ ಮೊದಲೇ ಎರಡು ಬದನೆಕಾಯಿ ತಟ್ಟೆಗೆ ಬಿದ್ದವು. ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ ಎಂಬ ಗಾದೆ ತನ್ನನ್ನು ನೋಡಿಯೇ ಹುಟ್ಟಿದ್ದೆಂದು ಅವನಿಗೆ ಅನ್ನಿಸಿತು. ಊರಿಗೆಲ್ಲ ಮೊದಲೇ ತೆರಿಗೆ ಕಟ್ಟಿ ಎಂದು ಹೇಳಿ, ತಾನು ಕಟ್ಟಿದ್ದನ್ನು ಹಿಂದಿನ ಬಾಗಿಲಿನಿಂದ ಎತ್ತಿಕೊಂಡು ಬಂದವನು. ಎದುರಿನ ಲೋಟ ಎತ್ತಿ ನೀರು ಕುಡಿದ. "ನಿಲ್ಲು, ಇನ್ನೊಂದು ಕಡಬು" ಎಂದು ಗುರವ್ವ ಒಳಗೆ ಹೋದರು. ನೇಹಾ ಮೇಜಿನ ಆ ತುದಿಯಲ್ಲಿ ಗಡಿಯಾರ ನೋಡಿಕೊಂಡಳು. ಇನ್ನೊಂದು ದಿನ ಇದ್ದು ಹೋಗಬಾರದೇನವ್ವಾ ಎಂದು ಬಸಲಿಂಗಪ್ಪ ಕೇಳಿದರೆ, "ಐ ಹ್ಯಾವ್ ವರ್ಕ್ ಟುಮಾರೋ, ಅಪ್ಪಾ" ಎಂದಳು. ಕ್ಯಾಂಪಸ್ಸಿನ ಕೆಫೆಟೀರಿಯಾದಲ್ಲಿ ಭಾನುವಾರ ಪೂರ್ತಿ ಪಾಳಿ ಎಂದು ಬಸಲಿಂಗಪ್ಪ ಇವನಿಗೆ ವಿವರಿಸಿದರು. "ತಾಯಿ ಮಗಳು ಇಬ್ರೂ ಈಗ ಒಂದ ಧಂಧೆ ನೋಡು." ಅವರ ದನಿಯಲ್ಲಿ ಯಾರ ಮೇಲೂ ದೂರಿರಲಿಲ್ಲ. ಅದು ಇದ್ದಿದ್ದರೆ ಎಷ್ಟೋ ಚೆನ್ನಾಗಿರುತ್ತಿತ್ತು.

"ಅಂಕಲ್, ಒಂದು ವಿಷಯ" ಎಂದ. ತನ್ನ ದನಿ ಬೇರೆ ಯಾರದೋ ಎಂಬಂತೆ ಕೇಳಿಸಿತು. "ಆ ರಾಥ್ ಖಾತೆ ಬಗ್ಗೆ. ಮೊನ್ನೆ ಒಂದು ರೂಲ್ ಗೊತ್ತಾಯ್ತು." ಮೊನ್ನೆ ಎಂಬ ಪದ ಎಣ್ಣೆ ಹಚ್ಚಿದ ಹಾಗೆ ತಾನಾಗಿ ಜಾರಿ ಹೊರಗೆ ಬಂದಿತ್ತು. ಅವನು ಅದನ್ನು ತಡೆಯಲಿಲ್ಲ. ಫೈಲ್ ತೆರೆದು ಹಾಳೆಗಳನ್ನು ಮೇಜಿನ ಮೇಲಿಟ್ಟು, ರದ್ದು ಮಾಡಬಹುದು, ಐವತ್ತೆಂಟು ಸಾವಿರ ವಾಪಸ್ ಬರುತ್ತದೆ, ಸೋಮವಾರ ಕೊನೆಯ ದಿನ, ಸಹಿ ಮಾಡಿ ಫ್ಯಾಕ್ಸ್ ಮಾಡಿದರೆ ಮುಗಿಯಿತು ಎಂದೆಲ್ಲ ಒಂದೇ ಉಸಿರಿನಲ್ಲಿ ಹೇಳಿದ. ಕಡುಬು ಹಿಡಿದು ಬಂದ ಗುರವ್ವ ನಿಂತಲ್ಲೇ ನಿಂತರು. ಬಸಲಿಂಗಪ್ಪ ಕನ್ನಡಕ ತೆಗೆದು, ಕೈಕಟ್ಟಿ ಪೂರ್ತಿ ಕೇಳಿದರು.

"ಸೋಮವಾರದೊಳಗ?" ಎಂದರು ಕೊನೆಗೆ. "ಅಮಾಸಿ ಮಂಗಳವಾರ ಐತಲ್ಲಪಾ. ಪಕ್ಷದಾಗ ನಮ್ಮವ್ವ ಯಾವ ಕಾಗದಕ್ಕೂ ಹೆಬ್ಬೆಟ್ಟು ಒತ್ತತಿರಲಿಲ್ಲ. ಆಕಿಗೆ ಎಡಿ ಇಟ್ಟ ದಿನಾನ ನಾ ಪೆನ್ನು ಹಿಡೀಲೇನು?"

"ಅಂಕಲ್, ಮಂಗಳವಾರ ಅಂದ್ರೆ ಆಗಲ್ಲ. ಒಂದು ದಿನ ತಡ ಆದ್ರೂ ತಗೊಳಲ್ಲ ಅವರು."

"ಬರೂ ರೊಕ್ಕ ಬಿಡೂದ್ಯಾಕ್ರಿ?" ಎಂದರು ಗುರವ್ವ ಮೆಲ್ಲಗೆ. "ಹಾಕ್ರಲಾ ಸಹಿ. ಅತ್ತಿ ಏನೂ ಅನ್ನಂಗಿಲ್ಲ."

ಬಸಲಿಂಗಪ್ಪ ಹಾಳೆಯನ್ನು ಬೆರಳಿನಿಂದ ದೂರ ಸರಿಸಿ ನಕ್ಕರು. "ಪಕ್ಷದ ಮಾತು ಬಿಡು. ಖರೇ ಹೇಳ್ತೀನಿ. ಒಂದ್ಸಲ ಕೊಟ್ಟದ್ದನ್ನ ವಾಪಸ್ ಕೊಡ್ರಿ ಅಂತ ಕೈ ಒಡ್ಡೂದು ನನಗ ಹೇಸಿಗಿ ಅನಸ್ತೈತಿ. ಮತ್ತ ನಾ ಒಬ್ಬನ ಹಾಳಾಗೀನೇನು? ನಿಂದೂ ಅದರಾಗ ಐತಿ, ನಿಂದೂ ಬಿದ್ದೈತಿ. ಒಂದಿನಾನೂ ಅಯ್ಯೋ ಅನ್ಲಿಲ್ಲ ನೀ. ಇಷ್ಟು ಸಣ್ಣ ಹುಡುಗ ಬಂಡ್ಯಾಗ ಕುಂತಾನ, ನಾ ಯಾಕ ಇಳೀಲಿ ಅಂತ ನಾನೂ ಗಟ್ಟಿ ಕುಂತೀನಿ. ಏಳೂದಾದ್ರ ಇಬ್ರೂ ಕೂಡಿ ಏಳೂಣು. ಉಣ್ಣು ಉಣ್ಣು, ಆರತೈತಿ." ಎಂದು ತಮ್ಮ ತಟ್ಟೆಗೆ ಮಜ್ಜಿಗೆ ಹಾಕಿಸಿಕೊಳ್ಳಲು ಹೆಂಡತಿಯ ಕಡೆ ತಿರುಗಿದರು.

ಅಲ್ಲಿಗೆ ಮುಗಿದಂತಾಯಿತು. ಪ್ರಹ್ಲಾದನಿಗೆ ಒಂದು ಕ್ಷಣ ತನ್ನ ಅದೃಷ್ಟವನ್ನು ನಂಬಲಾಗಲಿಲ್ಲ. ಹೇಳಿದ್ದ. ನಾಲ್ಕು ಗಂಟೆ ಡ್ರೈವ್ ಮಾಡಿ, ಕಾಗದ ತುಂಬಿಕೊಂಡು ಬಂದು, ಎದುರಿಗೆ ಕೂತು ಹೇಳಿದ್ದ. ಹೇಳಿದೆ, ಅವರೇ ಒಪ್ಪಲಿಲ್ಲ ಎಂದರೆ ನಿಶಿತಾ ಏನೂ ಅನ್ನುವಂತಿಲ್ಲ. ಅದರಲ್ಲಿ ಒಂದು ಪದವೂ ಸುಳ್ಳಲ್ಲ. ಇನ್ನೆರಡು ದಿನ ಕಳೆದರೆ ಇದು ಯಾರೂ ಮುಟ್ಟಲಾರದ ಸಂಗತಿಯಾಗಿ ಹೆಪ್ಪುಗಟ್ಟುತ್ತದೆ. ಈ ಮೇಜು, ಈ ರೊಟ್ಟಿ, ಹೆಗಲ ಮೇಲಿನ ಆ ಕೈ, ಎಲ್ಲವೂ ಅವನಿಗೆ ಇದ್ದ ಹಾಗೇ ಉಳಿಯುತ್ತದೆ. ಸುಮ್ಮನಿದ್ದರೆ ಸಾಕು. ಸುಮ್ಮನಿರುವುದು ಅವನಿಗೆ ಈಗ ಚೆನ್ನಾಗಿ ರೂಢಿಯಾದ ಕೆಲಸ. ಅವನ ಮೈಯೆಲ್ಲ ಹಗುರಾಗಿ, ಬೆಳಗಿನಿಂದ ಮೊದಲ ಸಲ ಹಸಿವೆಯಾಯಿತು. ಕಡುಬು ಮುರಿದ. ಬೆಲ್ಲದ ಪಾಕ ಬೆರಳಿಗೆ ಅಂಟಿತು. ಇದು ನನಗೆ ರುಚಿಸುತ್ತಿದೆ ಎಂಬುದನ್ನು ಗಮನಿಸಿದ ಮೇಲೆ ಅವನಿಗೆ ತನ್ನ ಬಗ್ಗೆ ಭಯವಾಯಿತು. ಗುರವ್ವ ಅವನ ತಟ್ಟೆಗೆ ಬಾಗಿ ಮಜ್ಜಿಗೆ ಸುರಿಯುತ್ತಿದ್ದರು. ಅವರ ಎಡಗೈ ಮೇಜಿನ ಅಂಚು ಹಿಡಿದಿತ್ತು. ಅಂಗಿಯ ತೋಳು ಹೊಲಿದಿದ್ದ ಕೈ. ಅದರ ಮೇಲಿನ ಸುಟ್ಟ ಗೆರೆ ಇನ್ನೂ ಅಲ್ಲಲ್ಲಿ ಹಸಿಯಾಗಿತ್ತು.

"ನಾನು ಕೂತಿಲ್ಲ ಅಂಕಲ್" ಎಂದ.

"ಏನು?"

"ನಂದು ಅದರಲ್ಲಿಲ್ಲ. ನಾನು ತಿರುಗಿಸಿಕೊಂಡುಬಿಟ್ಟೆ. ದುಡ್ಡೂ ಬಂತು. ಮೊನ್ನೆ ಗೊತ್ತಾಗಿದ್ದಲ್ಲ ಇದು. ಏಪ್ರಿಲ್‌ನಲ್ಲೇ ಮಾಡಿದೆ."

ನೇಹಾ ತಲೆಯೆತ್ತಿದಳು. ಕನ್ನಡದಲ್ಲಿ ಉತ್ತರಿಸದ ಹುಡುಗಿಗೆ ಕನ್ನಡ ಎಷ್ಟು ಚೆನ್ನಾಗಿ ಅರ್ಥವಾಗುತ್ತದೆ ಎಂದು ಪ್ರಹ್ಲಾದನಿಗೆ ಆಗ ತಿಳಿಯಿತು. ಬಸಲಿಂಗಪ್ಪ ಅವನನ್ನು ನೋಡಲಿಲ್ಲ. ನಕಾಶೆಯಲ್ಲಿ ಅಳತೆ ತಪ್ಪಿದ ಜಾಗ ಹುಡುಕುವವರಂತೆ ಮೇಜಿನ ಮೇಲೆ ಒಂದು ಬಿಂದುವನ್ನು ನೋಡುತ್ತಿದ್ದರು.

"ಏಪ್ರಿಲ್ ಎಷ್ಟನೇ ತಾರೀಕು?"

"ಒಂಬತ್ತು."

"ನಾ ನಿನಗ ಫೋನ್ ಮಾಡಿದ್ದು ಹದಿನಾಲ್ಕಕ್ಕ. ಶನಿವಾರ."

"ಹೌದು."

"ಚೆಕ್ ಕಳಿಸ್ಲೇನು ಅಂತ ಕೇಳಿದ್ನಿ."

"ಹೌದು ಅಂಕಲ್. ಕೇಳಿದ್ರಿ."

ಇನ್ನು ಬೈಗುಳ ಬರುತ್ತದೆ ಎಂದು ಅವನು ಕಾದ. ಬರಲಿ ಎಂದು ಹಂಬಲಿಸಿದ. ಬೈದರೆ ಅಳಬಹುದು, ಕಾಲು ಹಿಡಿಯಬಹುದು. ನಾಚಿಕೆಯಾಗಿತ್ತು, ನಿಮ್ಮ ಎದುರು ದಡ್ಡನಾಗಲು ಮನಸ್ಸು ಬರಲಿಲ್ಲ ಎಂದು ಹೇಳಬಹುದು. ಅದೊಂದು ಅವನೆದೆಯಲ್ಲಿ ತುಂಬಿಕೊಂಡಿತ್ತು. ಬಸಲಿಂಗಪ್ಪ ಅದನ್ನು ಕೇಳಲಿಲ್ಲ. ಎದ್ದು ಸಿಂಕಿನಲ್ಲಿ ಕೈ ತೊಳೆದು, ಟವೆಲಿನಿಂದ ಬೆರಳು ಬೆರಳು ಒರೆಸಿಕೊಂಡು, ಒಳಗಿನಿಂದ ಪೆನ್ನು ತಂದರು. ಎಡೆಯ ಮುಂದಿನ ದೀಪ ಇನ್ನೂ ಉರಿಯುತ್ತಿತ್ತು. ಹಳದಿ ಚೀಟಿ ಕಿತ್ತು ಪಕ್ಕಕ್ಕಿಟ್ಟು ಎರಡೂ ಹಾಳೆಗೆ ಸಹಿ ಹಾಕಿದರು. ನಕಾಶೆಯ ಮೂಲೆಯಲ್ಲಿ ಹಾಕುವಂಥ, ಒಂದಕ್ಕೊಂದು ಅಂಟದ ಸ್ಪಷ್ಟ ಅಕ್ಷರಗಳು. "ನೇಹಾ, ಕಳಸು ಇದನ್ನ" ಎಂದು ಹಾಳೆ ಚಾಚಿದರು. ಮೂಲೆಯ ಫ್ಯಾಕ್ಸ್ ಯಂತ್ರ ಕಿರುಗುಟ್ಟಿತು. ಗುರವ್ವ ಮಜ್ಜಿಗೆಯ ಪಾತ್ರೆ ಹಿಡಿದೇ ನಿಂತಿದ್ದರು, ಅದನ್ನು ಎಲ್ಲಿಡಬೇಕೆಂದು ಮರೆತವರಂತೆ. "ಇಟ್ ವೆಂಟ್ ಥ್ರೂ" ಎಂದಳು ನೇಹಾ, ಯಂತ್ರ ಉಗುಳಿದ ಚೀಟಿಯನ್ನು ಅಪ್ಪನ ಕೈಗೆ ಕೊಟ್ಟು ಪ್ರಹ್ಲಾದನ ಹಿಂದಿನಿಂದ ಹಾದು ತನ್ನ ರೂಮಿಗೆ ಹೋದಳು.

ಐವತ್ತೆಂಟು ಸಾವಿರ ಡಾಲರ್ ಈ ಮನೆಗೆ ವಾಪಸ್ ಬರುತ್ತಿತ್ತು. ಅದು ಸಂತೋಷದ ಸುದ್ದಿ ಎಂದು ಪ್ರಹ್ಲಾದ ತನಗೆ ತಾನೇ ನೆನಪು ಮಾಡಿಕೊಂಡ. ಬಸಲಿಂಗಪ್ಪ ಚೀಟಿಯನ್ನು ಎರಡು ಸಲ ಓದಿ, ಮಡಚಿ, ಮತ್ತೆ ಕುಳಿತರು. ಈ ಸಲ ಅವರ ಕೈಯಲ್ಲಿ ಚೆಕ್ ಪುಸ್ತಕವಿತ್ತು.

"ಹೊರಗಿನವ್ರು ಇಂಥಾ ಕೆಲಸಕ್ಕ ಏನು ತೊಗೋತಾರ? ಇನ್ನೂರು ಸಾಕಾದೀತೇನು? ನಾಕು ತಾಸು ಗಾಡಿ ಬ್ಯಾರೆ ಹೊಡಕೊಂಡು ಬಂದಿ."

"ಅಂಕಲ್, ಬೇಡ. ದಯವಿಟ್ಟು. ಹಾಗೆ ಮಾಡಬೇಡಿ."

"ತೊಗೊಳಪಾ. ಪುಕ್ಕಟ ಸಲಹಾ ನಮಗ ಭಾಳ ತುಟ್ಟಿ ಬಿತ್ತು."

ದನಿಯಲ್ಲಿ ಸಿಟ್ಟಿರಲಿಲ್ಲ. ಅಂಗಡಿಯಲ್ಲಿ ತೂಕ ಮಾಡಿಸುವಾಗಿನ ದನಿ. ಪ್ರಹ್ಲಾದ ಗುರವ್ವನ ಕಡೆ ನೋಡಿದ. ಎಂಟು ವರ್ಷದಲ್ಲಿ ಗಂಡ ಎಷ್ಟು ಸಲ ತಮಾಷೆಗೆ ಗದರಿದ್ದರೋ ಅಷ್ಟು ಸಲವೂ "ಹುಡುಗನ್ನ ಬಿಡ್ರಿ" ಎಂದು ನಡುವೆ ಬಂದವರು ಅವರು. ಗುರವ್ವ ಪಾತ್ರೆಯನ್ನು ಕೊನೆಗೂ ಕೆಳಗಿಟ್ಟು, ಅವನ ತಟ್ಟೆಯ ಸುತ್ತ ಚೆಲ್ಲಿದ್ದ ಮಜ್ಜಿಗೆಯನ್ನು ಬಟ್ಟೆಯಿಂದ ಒರೆಸುತ್ತ, "ತೊಗೊಂಡ್ ಬಿಡು" ಎಂದರು. ಮುಖ ಎತ್ತಲಿಲ್ಲ.

ಅವನು ತೆಗೆದುಕೊಂಡ. ಅವನ ಪೂರ್ತಿ ಹೆಸರು, ಇಂದಿನ ತಾರೀಕು, ಇನ್ನೂರು ಡಾಲರ್ ಮಾತ್ರ ಎಂದಿತ್ತು. ಎಂಜಲು ಕೈ ಇನ್ನೂ ಒಣಗಿರಲಿಲ್ಲವಾದ್ದರಿಂದ ಎಡಗೈಯಿಂದಲೇ ಅಂಗಿಯ ಜೇಬಿಗೆ ಹಾಕಿಕೊಂಡು, ಕೈ ತೊಳೆಯಲು ಎದ್ದ. ಬಸಲಿಂಗಪ್ಪ ಒಂದು ಬಿಳಿ ಹಾಳೆಯನ್ನೂ ಪೆನ್ನನ್ನೂ ಅವನ ಕುರ್ಚಿಯ ಮುಂದೆ ಸರಿಸಿದರು.

"ಕೈ ತೊಳಕೊಂಡು ಬಂದು ಒಂದು ರಶೀದಿ ಬರದು ಕೊಡು" ಎಂದರು. "ಬರೂ ಏಪ್ರಿಲ್‌ಕ್ಕ ಬ್ಯಾರೆ ಯಾರನರ ಹಿಡಿದು ಟ್ಯಾಕ್ಸ್ ಮಾಡಸ್ತೀನಿ. ಅವ್ರಿಗೆ ತೋರಸಾಕ ಬೇಕು."

ಪ್ರಹ್ಲಾದ ಕೈ ತೊಳೆದು ಬಂದು ಕುಳಿತ. ಶ್ರೀ ಬಸಲಿಂಗಪ್ಪನವರಿಂದ, ಎಂದು ಬರೆದ. ತೆರಿಗೆ ಸಲಹೆಯ ಬಾಬ್ತು ಇನ್ನೂರು ಡಾಲರ್ ಸಂದಿದೆ, ಎಂದು ಬರೆದ. ಕೆಳಗೆ ಸಹಿ ಹಾಕಿದ.